ಗಿಡ ನೆಟ್ಟವರಿಗೆ, ನೆರಳೆಳೆಯುವವಳಿಂದ

ಜೋಳದ ಪೇಟೆ, ವಿಜಯಪುರ
ಹಿಂಬೇಸಿಗೆಯ ನಲವತ್ತೊಂದನೆಯ ದಿನ, ೨೧೧೯

ಜೋಳದ ಪೇಟೆಯ ಎರಡೂ ಬದಿಗೆ ಹುಣಸೆ ಮತ್ತು ಆಲದ ಸಸಿ ನೆಟ್ಟ ಹಿರಿಯರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆಂದು ಕಾಗದ ಮಡಚಿಡಬೇಡಿ. ನಮ್ಮಲ್ಲಿ ಬೇಸಿಗೆ ಎರಡು. ಮಳೆಗಿಂತ ಮೊದಲಿನದು ಮುಂಬೇಸಿಗೆ, ಆಮೇಲಿನದು ಹಿಂಬೇಸಿಗೆ. ನಿಮ್ಮ ಕಿವಿಗೆ ಒರಟಾಗಿ ಕೇಳಿಸುವ ಇಂಥ ಪದಗಳು ಮುಂದೆ ಇನ್ನೂ ಬರುತ್ತವೆ. ನಾನು ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು. ಒಂದೇ ಕಡೆ ಕೂತಿರುವುದು ಆಗಲೂ ಆಗುತ್ತಿರಲಿಲ್ಲ, ಈಗ ಹತ್ತೊಂಬತ್ತು ತುಂಬಿದ ಮೇಲೂ ಆಗುವುದಿಲ್ಲ. ಅರ್ಥವಾಗದ ಮಾತು ಬಂದರೆ ದಾಟಿಕೊಂಡು ಮುಂದೆ ಓದಿ.

ಕೆಲಸ ಕಳೆದುಕೊಂಡವರು, ಯಾರಿಂದ ಕಳೆದುಕೊಂಡರೋ ಅವರಿಗೆ ಒಂದು ಕಾಗದ ಬರೆಯಬೇಕೆಂದು ನಮ್ಮ ಊರಲ್ಲಿ ಕಟ್ಟಳೆಯಿದೆ. ಸಿಟ್ಟು ಒಳಗೇ ಉಳಿದು ಹುಳಿಯಬಾರದೆಂದು ಮಾಡಿದ್ದಂತೆ. ನನ್ನ ಕೆಲಸ ಹೋದದ್ದು ನಿಮ್ಮಿಂದ. ಅವರೆಲ್ಲ ಸತ್ತು ಬಹಳ ಕಾಲವಾಯಿತಲ್ಲ ಎಂದು ಓಣಿಯ ಗುಮಾಸ್ತ ಗಿರಿಮಲ್ಲಪ್ಪನವರನ್ನು ಕೇಳಿದೆ. "ಸತ್ತವರಿಗೆ ಯಾಕ ಬರೀತಿ? ಅವರು ಸಸಿ ಹಿಡಕೊಂಡು ನಿಂತಿದ್ದ ದಿನಕ್ಕ ಬರಿ," ಎಂದರು.

ನಾನು ನೆರಳೆಳೆಯುವವಳಾಗಿದ್ದೆ. ನಡುಹಗಲಿನ ಬಿಸಿಲಿಗೆ ಮೈ ಕೊಟ್ಟು ನಿಲ್ಲುವುದು ನಮ್ಮ ಕಾಲದಲ್ಲಿ ಆಗದ ಮಾತು. ಅದಕ್ಕೇ ಪೇಟೆಯ ಉದ್ದಕ್ಕೂ ಕಲ್ಲಿನ ಕಂಬಗಳ ನಡುವೆ ಇಪ್ಪತ್ತೆರಡು ಜಮಖಾನೆಗಳನ್ನು ಚಪ್ಪರದಂತೆ ಕಟ್ಟಿದ್ದರು. ಸೂರ್ಯ ಸರಿದಂತೆ ಅವನ್ನು ಹಗ್ಗ ಹಿಡಿದು ಸರಿಸುವುದು ನನ್ನ ಕೆಲಸ. ಹೊಸ್ತಿಲ ಮೇಲೆ ಬಿಸಿಲಿನ ಗೆರೆ ಎಲ್ಲಿದೆ ಎಂದು ನೋಡಿ ಹೊತ್ತು ಹೇಳಬಲ್ಲೆ. ಸ್ವಲ್ಪ ತಡವಾದರೆ ಕೆಳಗಿನಿಂದ ಕೂಗು ಬರುತ್ತಿತ್ತು: "ಏ ಕಾಶವ್ವಾ, ಬದನಿಕಾಯಿ ಇಲ್ಲೇ ಬೇಯಾಕತ್ತಾವ! ಎಳಿತಿಯೋ, ಎಣ್ಣಿ ಉಪ್ಪು ಹಚ್ಚಲ್ಯೋ?" ವಾಸಕ್ಕೆ ನಡುಗಂಬದ ತುದಿಯಲ್ಲಿ ಒಂದು ಕೋಣೆ ಕೊಟ್ಟಿದ್ದರು. ಇಬ್ಬರು ನಿಂತರೆ ತುಂಬಿಹೋಗುವಷ್ಟು ಚಿಕ್ಕದು. ನಾಲ್ಕೂ ಕಡೆ ಕಿಟಕಿ. ಶಾಲೆಯಲ್ಲಿ ಸಿಗದ ನೆಮ್ಮದಿ ನನಗೆ ಅಲ್ಲಿ ಸಿಕ್ಕಿತ್ತು.

ನೀವು ನೆಟ್ಟ ಗಿಡಗಳನ್ನು ರಸ್ತೆಗೆಂದು ಎರಡು ಸಲ ಕಡಿದಿದ್ದರಂತೆ. ಎರಡು ಸಲವೂ ಬುಡದಿಂದ ಚಿಗುರಿದವು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಎರಡೂ ಬದಿಯ ಟೊಂಗೆಗಳು ಒಂದನ್ನೊಂದು ಮುಟ್ಟುವುದರಲ್ಲಿದ್ದವು. ಒಂದೊಂದು ಕಡೆ ಕೂಡಿದಂತೆ ಅಲ್ಲಿಯ ಜಮಖಾನೆ ಇಳಿಸಿ ಮಡಚಿಡುತ್ತಿದ್ದರು. ಕಳೆದ ವರ್ಷ ಒಂದೇ ಜಮಖಾನೆ ಉಳಿಯಿತು, ಅದೂ ನನ್ನ ಕಂಬದ ಪಕ್ಕದ್ದು. ಅಲ್ಲಿ ಟೊಂಗೆಗಳ ನಡುವೆ ಉಳಿದ ಕಿಂಡಿಯೂ ಮುಚ್ಚಿದರೆ ಕೆಲಸವೂ ಇಲ್ಲ, ಕೋಣೆಯೂ ಇಲ್ಲ.

ಇನ್ನು ಮುಂದಿನದನ್ನು ಬಿಟ್ಟುಬಿಡೆಂದು ಗಿರಿಮಲ್ಲಪ್ಪ ಹೇಳಿದರು. ಬಿಡುವುದಿಲ್ಲ. ಮೂರು ತಿಂಗಳು ನಾನು ದಿನಾ ಬೆಳಕು ಹರಿಯುವಾಗ ಕುಡುಗೋಲು ಹಿಡಿದು ನಿಮ್ಮ ಗಿಡದ ಎಳೆಯ ಟೊಂಗೆಗಳನ್ನು ಸವರಿದೆ, ಕಿಂಡಿ ಮುಚ್ಚಬಾರದೆಂದು. ಜಮಖಾನೆ ಹಳೆಯದು, ನಡುವೆ ಹರಿದಿತ್ತು. ಆ ಹರಕಿನಿಂದ ಬಿಸಿಲು ನೇರ ಬೀಳುತ್ತಿದ್ದದ್ದು ರೊಟ್ಟಿ ಮಾರುವ ಹಲೀಮಾಬಿಯವರ ನೆತ್ತಿಯ ಮೇಲೆ. ಅದು ನನಗೆ ಗೊತ್ತಿತ್ತು. ಮುಂಬೇಸಿಗೆಯ ಕೊನೆಯಲ್ಲಿ ಒಂದು ದಿನ ಅವರು ಹಿಟ್ಟು ನಾದುವ ಪರಾತದ ಮೇಲೆಯೇ ಕುಸಿದರು. ಕೆಳಗೆ ಓಡಿ ಬಂದು ಮುಖಕ್ಕೆ ನೀರು ಚಿಮುಕಿಸಿದವಳು ನಾನೇ. ಜನ ನನ್ನನ್ನು ಹೊಗಳಿದರು. ಅದನ್ನು ತಡೆದುಕೊಳ್ಳಲಾಗಲಿಲ್ಲ. ಅಂದು ಮಧ್ಯಾಹ್ನವೇ ಓಣಿಯ ಕಟ್ಟೆಗೆ ಹೋಗಿ, ಅಲ್ಲಿ ಕೂತವರ ಮುಂದೆ ಕುಡುಗೋಲು ಇಟ್ಟು ಎಲ್ಲ ಹೇಳಿದೆ. ಇಪ್ಪತ್ತು ದಿನದಲ್ಲಿ ಕಿಂಡಿ ಮುಚ್ಚಿತು. ಗಿರಿಮಲ್ಲಪ್ಪ ಕಂಬ ಹತ್ತಿ ಬಂದು, "ಗಿಡಾ ಕೂಡಿದ್ವು ತಂಗಿ," ಎಂದು ಬೀಗದಕೈ ಕೇಳಿದರು.

ನೆಲೆ ಕಳೆದುಕೊಂಡವರಿಗೆ ಓಣಿಯವರು ಮೂರು ಹೊಸ್ತಿಲು ತೋರಿಸುತ್ತಾರೆ. ಒಂದೊಂದು ಮನೆಯಲ್ಲಿ ಒಂಬತ್ತು ದಿನ ಇರಬೇಕು. ಹತ್ತನೆಯ ದಿನ ಹೊಸ್ತಿಲ ಮೇಲೆ ನಿಂತು, ಇರುತ್ತೇನೆ ಅಥವಾ ಹೋಗುತ್ತೇನೆ ಎಂದು ಕಾರಣದೊಂದಿಗೆ ಹೇಳಬೇಕು. ಇರುವವರೆಲ್ಲ "ಗಾಳಿ ಒಗ್ಗಿತು" ಎನ್ನುತ್ತಾರೆ, ಹೋಗುವವರೆಲ್ಲ "ಗಾಳಿ ಒಗ್ಗಲಿಲ್ಲ" ಎನ್ನುತ್ತಾರೆ. ಯಾವ ಮನೆಯೂ ಹೊಂದದಿದ್ದರೆ ಕರಾವಳಿಯ ಉಪ್ಪಿನ ವಸತಿಗೆ ಕಳಿಸುತ್ತಾರೆ. ಅಲ್ಲಿ ಉಪ್ಪು ತೆಗೆಯುವ ಕೆಲಸವಿದೆ, ಊಟವಿದೆ, ಕೆಟ್ಟ ಜಾಗವಲ್ಲ. ಆದರೆ ನನಗೆ ಈ ಪೇಟೆ ಬಿಟ್ಟು ಹೋಗುವುದು ಬೇಕಿರಲಿಲ್ಲ. ಇಲ್ಲಿಯ ಒಂದೊಂದು ಕಲ್ಲೂ ಯಾವಾಗ ಕಾಯುತ್ತದೆ, ಯಾವಾಗ ಆರುತ್ತದೆ ಎಂದು ನನಗೆ ಗೊತ್ತು. ಗಿಡ ಕಡಿದವಳೆಂದು ನನಗೆ ಎರಡೇ ಹೊಸ್ತಿಲು ಸಿಕ್ಕವು.

ಮೊದಲನೆಯದು ನನ್ನ ಅಣ್ಣ ಸಿದ್ರಾಮನದು. ಅವನದು ನೆಲಮನೆ, ಅಂದರೆ ಭೂಮಿಯೊಳಗೆ ಹನ್ನೆರಡು ಮೆಟ್ಟಿಲು ಇಳಿದು ಕಟ್ಟಿದ್ದು. ಗಡಿಗೆಯೊಳಗಿನ ಹಾಗೆ ತಂಪು. ಹತ್ತನೆಯ ದಿನ ಹೇಳಿದೆ: "ಅಣ್ಣಾ, ನಿನ್ನ ಮನಿ ತಂಪ ಐತಿ. ಆದ್ರ ನೀ ಊಟಕ್ಕ ಕುಂತಾಗೆಲ್ಲ ನಾ ಸಾಲಿ ಬಿಟ್ಟಿದ್ದು ಎತ್ತತಿ. ರೊಟ್ಟಿ ಕೂಡ ಅದನ್ನೂ ದಿನಾ ನುಂಗಾಕ ಆಗೂದಿಲ್ಲ." ಅವನ ಮುಖ ಇಳಿಯಿತು. "ಗಾಳಿ ಒಗ್ಗಲಿಲ್ಲ ಅಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತು?" ಎಂದ. ಇಂದಿಗೂ ನನ್ನೊಡನೆ ಮಾತಾಡುತ್ತಿಲ್ಲ. ಹೇಳಿದ್ದು ನಿಜ, ಅವನ ಮೌನದಿಂದ ನನಗೆ ಸಂಕಟವಾಗುತ್ತಿರುವುದೂ ಅಷ್ಟೇ ನಿಜ.

ಎರಡನೆಯ ಹೊಸ್ತಿಲು ಹಲೀಮಾಬಿಯವರದು. ನಾವೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇವೆ. ತಾವಾಗಿಯೇ ಬಂದು, "ನಮ್ಮನಿಗೆ ಬರ್ಲಿ," ಎಂದಿದ್ದರಂತೆ. ಒಂಬತ್ತು ದಿನ ಅವರು ನನ್ನನ್ನು ಹೇಗೆ ನೋಡಿಕೊಂಡರೆಂದರೆ, ಬಿಸಿ ರೊಟ್ಟಿಯ ಮೇಲೆ ತುಪ್ಪ, ಮಲಗಲು ಗಾಳಿ ಬರುವ ಮೂಲೆ, ನೀರಿನ ಕೊಡ ಎತ್ತಲು ಹೋದರೆ "ನೀ ಕುಂದ್ರ ಬೇಟಿ." ಕಡಿದ ಟೊಂಗೆಯ ಸುದ್ದಿಯನ್ನು ಒಮ್ಮೆಯೂ ಎತ್ತಲಿಲ್ಲ. ಹಣೆಯ ಮೇಲೆ ಪರಾತದ ಅಂಚು ತಗುಲಿದ ಗಾಯ ಇನ್ನೂ ಮಾಸಿರಲಿಲ್ಲ. ಅವರು ಬಗ್ಗಿ ತುಪ್ಪ ಬಡಿಸುವಾಗಲೆಲ್ಲ ಅದು ನನ್ನ ಕಣ್ಣೆದುರಿಗೇ ಬರುತ್ತಿತ್ತು.

ಹತ್ತನೆಯ ದಿನ ಮುಂಜಾನೆ ಗಿರಿಮಲ್ಲಪ್ಪ ಬಂದು ಕಿವಿಯಲ್ಲಿ, "ಗಾಳಿ ಒಗ್ಗಿತು ಅನ್ನು, ಮುಗೀತು. ಇದು ಬಿಟ್ರ ಉಪ್ಪೇ ಗತಿ," ಎಂದರು. ನಾನು ಅಷ್ಟು ಹೇಳಿದ್ದರೆ ಸಾಕಿತ್ತು.

"ಖಾಲಾ, ನನಗ ಇಲ್ಲೇ ಇರೂ ಆಸೆ ಐತ್ರಿ," ಎಂದೆ. "ಆದ್ರ ಹಿಂಗ ಇರಾಕ ಆಗೂದಿಲ್ಲ. ನೀವು ಬಿದ್ದದ್ದು ನನ್ನಿಂದ. ಒಂಬತ್ತ ದಿನಾ ತುಪ್ಪಾ ಹಾಕಿ ಉಣಿಸಿದ್ರಿ, ಒಂದ ಮಾತ ಅನ್ನಲಿಲ್ಲ. ಇನ್ನೊಂದ ದಿನಾ ಹಿಂಗ ಆದ್ರ ನನಗ ಹುಚ್ಚ ಹಿಡೀತೈತಿ. ಹೋಗ್ತೀನ್ರಿ."

ಹಲೀಮಾಬಿ ಹಿಟ್ಟಿನಿಂದ ಕೈ ತೆಗೆದರು. "ನಾ ಬೈದಿಲ್ಲ ಅಂತ ಹೊಂಟಿ?"

"ಹೌದ್ರೀ."

"ಬೈದ್ರ ಉಪ್ಪಿನ ವಸತಿಗೆ ಓಡಿ ಹೋಗ್ತಿ, ಆ ಪಾಪ ನನಗ್ಯಾಕ ಅಂತ ಹಲ್ಲ ಕಚ್ಚಿ ಸುಮ್ಮಿದ್ದೆ!" ಎಂದವರೇ ಎದ್ದು ನಿಂತರು. "ಮೂರ ತಿಂಗಳು! ನೆತ್ತಿ ಮ್ಯಾಲೆ ರೊಟ್ಟಿ ಇಟ್ರ ಬೇಯ್ತಿತ್ತು, ಒಲಿ ಯಾಕ ಬೇಕಿತ್ತು ನನಗ? ಪ್ಯಾಟಿಗೆಲ್ಲ ನೆರಳು, ನನ್ನ ಮ್ಯಾಲಷ್ಟ ಯಾಕಪಾ ಬಿಸಲು ಅಂತ ಮ್ಯಾಲೆ ನೋಡಿ ದಿನಾ ದೇವರನ್ನ ಕೇಳ್ತಿದ್ದೆ. ಮ್ಯಾಲೆ ಕುಂತಿದ್ದಾಕಿ ನೀನು! ಮಂಗ್ಯಾ! ಕುಡಗೋಲ ಹಿಡದ ಮಂಗ್ಯಾ!"

ಅಲ್ಲಿಗೆ ನಿಲ್ಲಲಿಲ್ಲ. ನನ್ನ ಕಾಲಸಪ್ಪಳ, ನಾನು ಬಾಗಿಲು ಹಾಕುವ ರೀತಿ, ಮೊದಲ ದಿನ ನಾನು ಅವರಿಗೆ ಕಾಣದಂತೆ ಕಲಸಿಟ್ಟ ಹಿಟ್ಟು ("ಗ್ವಾಡಿಗೆ ಒಗದ್ರ ಗ್ವಾಡಿ ಬಿರೀತಿತ್ತು") ಎಲ್ಲ ಬಂದವು. ಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತರು. ಕೊನೆಗೆ ಅವರ ಬಾಯಿ ಒಣಗಿತು. "ನೀರ ತಾ," ಎಂದರು. ಆ ಮನೆಯಲ್ಲಿ ನನಗೆ ಹೇಳಿದ ಮೊದಲ ಕೆಲಸ ಅದು. ಒಳಗೆ ಹೋಗಿ ತಂದುಕೊಟ್ಟೆ.

"ಹೋಗೂದೋ, ಇರೂದೋ? ನಾ ಏನಂತ ಹೇಳ್ಲಿ ಓಣ್ಯಾಗ?" ಎಂದು ಗಿರಿಮಲ್ಲಪ್ಪ ಕೇಳಿದರು.

ಹಲೀಮಾಬಿ ನೀರು ಕುಡಿದು ಬಾಯಿ ಒರೆಸಿಕೊಂಡರು. "ಇನ್ನೂ ಅರ್ಧಾ ಬೈಯೂದು ಉಳದೈತಿ. ಈಗ ಎಲ್ಲಿಗ ಹೋಗ್ತಾಳ?"

ಹೋಗಲಿಲ್ಲ. ಅಂದಿನಿಂದ ಇಲ್ಲೇ ಇದ್ದೇನೆ. ನಾನು ಬಡಿಯುವ ರೊಟ್ಟಿಯ ಅಂಚು ಈಗಲೂ ಸೀಳುತ್ತದೆ. ಹಿಟ್ಟು ಹೊರುವುದು, ಓಣಿ ಓಣಿ ತಿರುಗಿ ಮಾರುವುದು ನನಗೆ ಬಿಟ್ಟಿದ್ದಾರೆ. ತಿರುಗುವ ಕೆಲಸವಾದ್ದರಿಂದ ಕಾಲಿಗೂ ಸಮಾಧಾನ. ಆದರೂ ಅಂಗೈ ಹಗ್ಗವನ್ನು ಮರೆತಿಲ್ಲ, ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ನೀವು ಕೈಯಾರೆ ನೀರು ಹೊತ್ತು ಹಾಕಿದ ಗಿಡಗಳನ್ನು ಕಡಿದವಳು ನಾನು. ನಿಮಗೂ ಸಿಟ್ಟು ಬಂದರೆ ಮರ್ಯಾದೆಗೆ ನುಂಗಿಕೊಳ್ಳಬೇಡಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಉತ್ತರವನ್ನು ಕಂಬದ ಕೋಣೆಗೆ ಕಳಿಸಬೇಡಿ, ಅಲ್ಲಿ ಈಗ ಯಾರೂ ಇಲ್ಲ.

ಕಾಶವ್ವ ಅಂಬಿಗೇರ
ರೊಟ್ಟಿ ಹಲೀಮಾಬಿಯವರ ಮನೆ
ಜೋಳದ ಪೇಟೆ, ವಿಜಯಪುರ