ಬುಲೆಟ್ಟಿನ ಹಿಂದಿನ ಗಾಲಿಗೆ ಕಾರಿನ ಟೈರು

ಕಾಕಾ ಅವರಿಗೆ, ನಿಮ್ಮ ಅಣ್ಣನ ಮಗ ಶಿವಾನಂದನ ನಮಸ್ಕಾರ.

ಊರಿನ ಕ್ಷೇಮ ಸಮಾಚಾರ ಬರೆಯುವ ಮುಂಚೆ ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗಿದೆ. ಕಾರಿನ ಟೈರು ನಡೆಯುತ್ತದೆ. ನೀವು ಹೇಳಿದ ಹಾಗೆಯೇ ನಡೆಯುತ್ತದೆ. ನಿಮ್ಮ ಮನೆಯವರನ್ನು, ನಮ್ಮ ಕಾಕುವನ್ನು, ಬುಲೆಟ್ಟಿನ ಹಿಂದೆ ಕೂಡಿಸಿಕೊಂಡು ಕಿತ್ತೂರಿನಿಂದ ಶ್ರೀಶೈಲಕ್ಕೆ ಹೋಗಿ, ಅದೇ ಗಾಲಿಯ ಮೇಲೆ ಮೊನ್ನೆ ಸೋಮವಾರ ತಿರುಗಿ ಬಂದೆ. ನೀವು ಹೋಗಿ ಒಂಬತ್ತು ವರ್ಷಗಳಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ತಡವಾಗಿದೆ, ಬಲ್ಲೆ. ತಡವಾದದ್ದು ಯಾರಿಂದ ಎಂಬುದನ್ನೂ ಬಲ್ಲೆ.

ಹೆದ್ದಾರಿ ಬದಿಯ ನಿಮ್ಮ ಅಂಗಡಿಯಲ್ಲಿ ಲಾರಿ ಟೈರುಗಳ ರಾಶಿಯ ನಡುವೆ ಕುಳಿತು ನೀವು ಈ ವಿಷಯ ತೆಗೆದ ಮಧ್ಯಾಹ್ನ ನೆನಪಾಗುತ್ತದೆ. ಪಂಚರ್ ತಿದ್ದುವುದು, ಹರಿದ ಟೈರಿಗೆ ರಬ್ಬರು ಬೇಯಿಸಿ ಹಚ್ಚುವುದು ನಿಮ್ಮ ಉದ್ಯೋಗ. ಯುಗಾದಿ ಹತ್ತಿರ ಬಂದಂತೆ ನಮ್ಮ ಕಡೆಯ ಜನ ಶ್ರೀಶೈಲಕ್ಕೆ ನಡೆದು ಹೊರಡುವುದನ್ನು ಕಾಕು ಪ್ರತಿವರ್ಷ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೊಣಕಾಲು ನೋವು, ನಡೆಯುವಂತಿಲ್ಲ. ಬುಲೆಟ್ ಮೇಲೆ ಕರೆದುಕೊಂಡು ಹೋಗುತ್ತೇನೆಂದು ನೀವು ಮಾತು ಕೊಟ್ಟಿರಿ. ಆದರೆ ಇಬ್ಬರು ಕುಳಿತು, ಗಂಟು ಕಟ್ಟಿಕೊಂಡು ದೂರ ಹೋದಾಗಲೆಲ್ಲ ಗಾಡಿಯ ಹಿಂದಿನ ಟೈರು ನಡುವೆ ಬೋಳಾಗುತ್ತಿತ್ತು. ಪದ್ಮಿನಿ ಕಾರಿನ ಟೈರೊಂದನ್ನು ಕೈಯಲ್ಲಿ ಒತ್ತಿ ನೋಡುತ್ತ ನೀವು, ಇದರ ಎದೆ ಅಗಲ, ಪದರ ಗಟ್ಟಿ, ದಾರಿಯಲ್ಲಿ ಕೆಟ್ಟರೆ ಯಾವ ಊರಿನಲ್ಲಾದರೂ ಸಿಗುತ್ತದೆ, ಇದನ್ನೇ ಯಾಕೆ ಹಾಕಬಾರದು ಎಂದಿರಿ.

ನಾನು ನಕ್ಕದ್ದು ನಿಮಗೆ ನೆನಪಿದೆಯೇ? ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿನ ಒತ್ತಡ ಅಳೆಯುವ ಕೆಲಸದಲ್ಲಿದ್ದವನು ನಾನು. ಸಿಮೆಂಟ್ ಚೀಲದ ಹಾಳೆಯ ಮೇಲೆ ಎರಡು ಚಿತ್ರ ಬರೆದೆ. ಮೋಟಾರ್ ಸೈಕಲ್ಲಿನ ಟೈರು ದುಂಡಗೆ; ತಿರುವಿನಲ್ಲಿ ಗಾಡಿ ವಾಲಿದರೆ ಅದೂ ಉರುಳಿಕೊಂಡು ವಾಲುತ್ತದೆ. ಕಾರಿನದು ಚಪ್ಪಟೆ, ವಾಲಿಸಿದರೆ ಅಂಚಿನ ಮೇಲೆ ನಿಲ್ಲುತ್ತದೆ. ನೀವು ಹಾಳೆಯನ್ನು ಬಹಳ ಹೊತ್ತು ನೋಡಿ, ಮಡಚಿ ನನ್ನ ಕಿಸೆಗೆ ಹಾಕಿದಿರಿ.

“ಚಿತ್ರ ಛಲೋ ಐತಿ ಶಿವೂ. ಗಾಡಿ ಹಾಳಿ ಮ್ಯಾಲ ಓಡಂಗಿಲ್ಲ.”

ಮುಂದಿನ ಎರಡು ತಿಂಗಳು ನಾವಿಬ್ಬರೂ ಮಾಡಿದ ಕೆಲಸವನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ಗಾಲಿಯನ್ನು ಎರಡೂ ಬದಿ ಹಿಡಿಯುವ ಚಿಮಟಾವನ್ನು ಕತ್ತರಿಸಿ ಅಗಲ ಮಾಡಿದಿರಿ. ಬುಲೆಟ್ಟಿನ ಗಾಲಿಯ ನಡುವಿನ ಗುಂಬಕ್ಕೆ ಕಾರಿನ ರಿಮ್ಮು ಕೂಡಿಸಿದಿರಿ. ಗಾಲಿ ಸಣ್ಣದಾದುದರಿಂದ ಚೈನಿನ ಚಕ್ರಕ್ಕೆ ಎಷ್ಟು ಹಲ್ಲು ಬೇಕೆಂದು ನಾನು ಲೆಕ್ಕ ಹಾಕಿ ಕೊಟ್ಟೆ. ಒಪ್ಪದಿದ್ದರೂ ನಾನು ಪ್ರತಿ ಭಾನುವಾರ ಬರುತ್ತಿದ್ದೆ. ಯಾಕೆ ಬರುತ್ತಿದ್ದೆ ಎಂದು ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಕೆಟ್ಟು ನಿಂತ ಲಾರಿಯೊಂದು ನಿಮ್ಮನ್ನು ಹಿಡಿದುಕೊಂಡಿತು. ಗಾಳಿ ತುಂಬಿಸಿ ಸವದತ್ತಿಯವರೆಗೆ ಓಡಿಸಿ ನೋಡು ಎಂದು ಗಾಡಿಯನ್ನು ನನಗೆ ಒಪ್ಪಿಸಿದಿರಿ. ನಾನು ನಿಯಮ ಮೀರುವವನಲ್ಲ. ಟೈರಿಗೆ ಎಷ್ಟು ಗಾಳಿ ಬೇಕೆಂದು ಕಾರಿನ ಪಟ್ಟಿಯ ಮೇಲೆ ಬರೆದಿರುತ್ತದಲ್ಲ, ಇಪ್ಪತ್ತಾರು ಪೌಂಡು, ಗೇಜು ಹಿಡಿದು ಅಷ್ಟೇ ತುಂಬಿದೆ. ನೇರ ದಾರಿಯಲ್ಲಿ ಗಾಡಿ ತೇಲಿದಂತೆ ಹೋಯಿತು. ಸವದತ್ತಿ ಇನ್ನೂ ಮುಂದಿರುವಾಗ ಬಂದ ಎಡ ತಿರುವಿನಲ್ಲಿ ವಾಲಿಸಲು ಹೋದೆ. ಹಿಂದಿನ ಗಾಲಿ ಗಾಡಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿತು. ದಾರಿ ಎಡಕ್ಕೆ ಹೊರಳಿತು, ನಾನು ನೇರವಾಗಿ ಜೋಳದ ಹೊಲಕ್ಕೆ ಹೋದೆ. ಮೊಣಕೈ ತರಚಿದ್ದು ಬಿಟ್ಟರೆ ಬೇರೆ ಪೆಟ್ಟಾಗಲಿಲ್ಲ.

ಆ ಸಂಜೆ ನಿಮ್ಮ ಅಂಗಡಿಯ ಮುಂದೆ ಎಂಟು ಹತ್ತು ಜನ ಕೂಡಿದ್ದರು. ಎಲ್ಲರೆದುರು ನಾನು ತೀರ್ಪು ಕೊಟ್ಟೆ: ಇದು ತತ್ವಕ್ಕೇ ವಿರುದ್ಧ, ಆಗುವ ಮಾತಲ್ಲ. ಪಕ್ಕದ ಚಹಾದಂಗಡಿಯ ಈರಪ್ಪ, ಇನ್ನು ಎತ್ತಿನ ಗಾಡಿಯ ಗಾಲಿ ಹಾಕಿ ನೋಡ್ರಿ ಎಂದ, ಎಲ್ಲರೂ ನಕ್ಕರು. ನೀವು ನಗಲಿಲ್ಲ. ಟೈರನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಗಾಳಿ ಎಷ್ಟು ಹಾಕಿದ್ದಿ ಎಂದು ಕೇಳಿದಿರಿ. ಬಾಯ್ಲರು ನೋಡಿಕೊಳ್ಳುವವನಿಗೆ ಇದೆಂಥ ಪ್ರಶ್ನೆ ಎನಿಸಿ, ಎಷ್ಟು ಹಾಕಬೇಕೋ ಅಷ್ಟೇ ಎಂದುಬಿಟ್ಟೆ. ನೀವು ಗಾಲಿ ಬಿಚ್ಚಿ ಒಳಗೋಣೆಯ ಗೋಡೆಗೆ ತೂಗುಹಾಕಿದಿರಿ. ನಾನು ಭಾನುವಾರಗಳಂದು ಬರುವುದು ನಿಂತಿತು. ಆ ವರ್ಷದ ಕೊನೆಗೆ ನಿಮ್ಮ ಎದೆಗೆ ನೋವು ಬಂದು, ಆಸ್ಪತ್ರೆಗೆ ಕರೆದೊಯ್ಯುವುದರೊಳಗೆ...

ಕಳೆದ ಹಂಗಾಮಿನಲ್ಲಿ ಕಾರ್ಖಾನೆಯ ಅಂಗಳದಲ್ಲಿ ಕಂಡದ್ದನ್ನು ಹೇಳಬೇಕು. ಸಂಗೊಳ್ಳಿಯ ಟ್ರ್ಯಾಕ್ಟರ್ ಚಾಲಕನೊಬ್ಬ ಕಬ್ಬಿನ ಟ್ರೇಲರು ಬಿಚ್ಚಿಟ್ಟು ದೊಡ್ಡ ಗಾಲಿಗಳ ಗಾಳಿ ಬಿಡುತ್ತಿದ್ದ. ಯಾಕೆಂದು ಕೇಳಿದೆ. ಹೊಲಕ್ಕೆ ಬರೀ ಇಂಜಿನ್ನು ಹೋಗುವುದು, ಭಾರವಿಲ್ಲದ ಮೇಲೆ ಅಷ್ಟು ಗಾಳಿ ಇದ್ದರೆ ಗಾಲಿ ಕಲ್ಲಾಗಿ ನೆಲ ಹಿಡಿಯುವುದಿಲ್ಲ ಎಂದ. ಆಗ ನನಗೆ ಹೊಳೆಯಿತು, ಕಾಕಾ. ಇಪ್ಪತ್ತಾರು ಪೌಂಡು ಎಂಬ ಲೆಕ್ಕ ಕಾರಿನ ಭಾರ ಹೊರುವ ಟೈರಿಗೆ. ನಾನೊಬ್ಬನೇ ಕುಳಿತ ಬುಲೆಟ್ಟಿನ ಹಿಂಗಾಲಿಗೆ ಅದರ ಅರ್ಧ ಭಾರವೂ ಇರಲಿಲ್ಲ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕೆ ಮಡಚಿ, ವಾಲಿದಾಗಲೂ ಅದರ ಎದೆ ನೆಲದ ಮೇಲೆ ಕೂಡುತ್ತಿತ್ತು. ಬಿದ್ದದ್ದು ನಿಮ್ಮ ಟೈರಿನಿಂದಲ್ಲ, ನನ್ನ ಗಾಳಿಯಿಂದ. ಒತ್ತಡ ಅಳೆದು ಸಂಬಳ ತೆಗೆದುಕೊಳ್ಳುವವನು ಮಾಡಿದ ತಪ್ಪು ಇದು.

ಮರುದಿನವೇ ಕಾಕುವಿನ ಮುಂದೆ ಹೋಗಿ ಎಲ್ಲ ಹೇಳಿದೆ. ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಅವರಿಗೆ ಅವತ್ತ ಗೊತ್ತಾಗಿತ್ತಪಾ. ಗಾಳಿ ಜಾಸ್ತಿ ಹಾಕ್ಯಾನ ಅಂತ ಮನಿಗೆ ಬಂದ ಕೂಡ್ಲೆ ಅಂದ್ರು.”

ಹಾಗಿದ್ದರೆ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ಕಲತಾಂವ, ಮಂದಿ ಮುಂದ ಮಾರಿ ಸಣ್ಣ ಮಾಡೂದು ಬ್ಯಾಡ, ತಾನ ತಿಳಕೊಂಡು ಬರತಾನ ಅಂದ್ರು. ದಾರಿ ನೋಡಿದ್ರು. ನೀ ಬರಲಿಲ್ಲ.”

ಎದ್ದು ಈರಪ್ಪನ ಅಂಗಡಿಗೆ ಹೋದೆ. ಹಳೆಯ ಮುಖಗಳಲ್ಲಿ ನಾಲ್ಕೈದು ಅಲ್ಲಿದ್ದವು. ಕಾಕಾ ಮಾಡಿದ ಗಾಲಿ ಸರಿಯಾಗಿತ್ತು, ಗಾಳಿ ತುಂಬಿದವನು ನಾನು, ತಪ್ಪು ನನ್ನದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಈರಪ್ಪ ಗ್ಲಾಸು ತೊಳೆಯುತ್ತಲೇ, “ಇಷ್ಟ ಹೇಳಾಕ ಒಂಬತ್ತ ವರ್ಷ ಬೇಕಾತೇನ್ರಿ ಇಂಜಿನಿಯರ್ ಸಾಹೇಬ್ರ?” ಎಂದ. ಬೇಕಾಯಿತು ಎಂದೆ. ಅವನು ಚಹಾ ಕೊಟ್ಟ. ಆ ದಿನದಷ್ಟು ಹಗುರವಾಗಿ ನಾನು ಅಲ್ಲಿ ಎಂದೂ ಕುಳಿತಿರಲಿಲ್ಲ.

ಹಳೆಯ ಟೈರು ಬಿರುಕು ಬಿಟ್ಟಿತ್ತು. ಅದೇ ಅಳತೆಯ ಹೊಸದನ್ನು ತಂದು ನಿಮ್ಮ ರಿಮ್ಮಿಗೆ ಹಾಕಿದೆ. ರಾಮದುರ್ಗದ ಆಚೆ, ಸಾಲಹಳ್ಳಿಯ ಕಡೆ ಬಯಲು ರಸ್ತೆಯಲ್ಲಿ ಮೂರು ಭಾನುವಾರ ಪರೀಕ್ಷೆ ಮಾಡಿದೆ. ಟೈರಿನ ಅಡ್ಡಕ್ಕೆ ಸೀಮೆಸುಣ್ಣದ ಕಡ್ಡಿಯಿಂದ ಗೆರೆ ಎಳೆಯುವುದು, ಸ್ವಲ್ಪ ದೂರ ಓಡಿಸುವುದು, ಇಳಿದು ನೋಡುವುದು. ಗೆರೆ ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು. ಎರಡೆರಡು ಪೌಂಡು ಬಿಡುತ್ತ ಬಂದೆ. ಹಿಂದೆ ಒಬ್ಬರನ್ನು ಕೂಡಿಸಿಕೊಂಡು ಹದಿನೆಂಟಕ್ಕೆ ಇಳಿದಾಗ ಗೆರೆ ಈ ತುದಿಯಿಂದ ಆ ತುದಿಗೆ ಸಮನಾಗಿ ಅಳಿಸಿತು. ತಿರುವಿನಲ್ಲಿ ಹ್ಯಾಂಡಲ್ಲನ್ನು ತುಸು ಬಲವಾಗಿ ಒತ್ತಬೇಕು, ಅಷ್ಟೇ. ಒತ್ತಿದರೆ ಗಾಡಿ ವಾಲುತ್ತದೆ, ವಾಲಿದಲ್ಲಿ ನಿಲ್ಲುತ್ತದೆ.

ಹೊರಟ ದಿನ ಕಾಕು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಯಾರ ಕೈಯನ್ನೂ ಹಿಡಿಯದೆ ಏರಿ ಕುಳಿತರು. ಬೈಲಹೊಂಗಲ, ಸವದತ್ತಿ, ರಾಮದುರ್ಗ ದಾಟಿದೆವು. ಸವದತ್ತಿಗೆ ಮುಂಚೆ, ನಾನು ಬಿದ್ದ ತಿರುವು ಬಂದಾಗ ಹ್ಯಾಂಡಲ್ಲನ್ನು ಒತ್ತಿ ಹಿಡಿದಿದ್ದೆ. ಅದು ಹೋದದ್ದೂ ತಿಳಿಯಲಿಲ್ಲ. ಮೂರನೆಯ ದಿನ ನಲ್ಲಮಲದ ಕಾಡಿನ ಘಾಟು. ಒಂದರ ಬೆನ್ನಿಗೆ ಒಂದು ತಿರುವು, ಎಡಕ್ಕೆ, ಬಲಕ್ಕೆ. ದಾರಿಯ ಅಂಚಿನಲ್ಲಿ ನಮ್ಮ ಕಡೆಯ ಜನವೇ ನಡೆದು ಹೋಗುತ್ತಿದ್ದರು. ನಾನು ಅಳೆದು, ಸಾವಕಾಶವಾಗಿ ಏರುತ್ತಿದ್ದೆ. ಕಾಕು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು.

“ಶಿವೂ, ಇಷ್ಟ ಸಾವಕಾಶ ಹೋಗೂದಿದ್ರ ನಾ ಇವರ ಜೋಡಿ ನಡಕೋತ ಬರತಿದ್ನಿ.”

ವೇಗ ಹೆಚ್ಚಿಸಿದೆ. ಗಾಡಿ ವಾಲಿತು, ಎದ್ದಿತು, ಮತ್ತೆ ವಾಲಿತು. ಒಂದು ತಿರುವಿನಲ್ಲೂ ಅದು ನನ್ನ ಮಾತು ಮೀರಲಿಲ್ಲ. ಶಿಖರದ ಬಳಿ ಬಂದಾಗ ನನಗರಿವಿಲ್ಲದೆ ಕೂಗಿದ್ದೆನಂತೆ. ಕಾಕು ಈಗ ಅದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ.

ದರ್ಶನ ಚೆನ್ನಾಗಿ ಆಯಿತು. ಕಾಕು ನಿಮ್ಮ ಹೆಸರಿನಲ್ಲಿ ಅಭಿಷೇಕ ಮಾಡಿಸಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, ಕಾಲು ಒತ್ತಿಕೊಳ್ಳುತ್ತ, ಕನ್ಯಾಕುಮಾರಿಗೆ ಇಲ್ಲಿಂದ ಎಷ್ಟು ದಿನದ ದಾರಿ ಎಂದು ಕೇಳಿದರು. ನಕಾಶೆ ನೋಡಿ ಹೇಳುತ್ತೇನೆಂದೆ. ನೋಡಿದ್ದೇನೆ. ಹೋಗಿ ಬರಲು ಹನ್ನೆರಡು ದಿನ ಸಾಕು. ನಿನ್ನೆ ಕಾರ್ಖಾನೆಯಲ್ಲಿ ಅರ್ಜಿ ಕೊಟ್ಟೆ; ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಇಷ್ಟು ದೀರ್ಘ ರಜೆ ನಾನು ಕೇಳಿದ್ದು ಇದೇ ಮೊದಲು. ಕಾರಣದ ಜಾಗದಲ್ಲಿ ‘ಕಾಕು ಅವರೊಡನೆ ಮೋಟಾರ್ ಸೈಕಲ್ ಪ್ರವಾಸ’ ಎಂದು ಇದ್ದದ್ದನ್ನೇ ಬರೆದೆ.

ಮಂಜೂರಾಗಿದೆ.

ನಿಮ್ಮ
ಶಿವಾನಂದ