ಮಗ್ಗ ಮಲಗುವ ತಿಂಗಳು

ಮೊಳಕಾಲ್ಮೂರು
೧೮ ಜೂನ್ ೨೦೨೫, ಬುಧವಾರ

ನನ್ನ ಕೋಪಿಷ್ಠ ಅವ್ವನಿಗೆ,

ನಿನ್ನ ಉಬ್ಬಿದ ಎರಡೂ ಕೆನ್ನೆಗೆ ಒಂದೊಂದು ಮುತ್ತು ಕೊಟ್ಟು ರಶ್ಮಿತಾ ಬರೆಯುವ ಕಾಗದ. ಫೋನ್ ಮಾಡಿದಾಗಲೆಲ್ಲ ನನ್ನ ಬಾಯಲ್ಲಿ ‘ರಾಜಸ್ಥಾನ’ ಅಂತ ಬರುವಷ್ಟರಲ್ಲಿ ನೀನು ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ. ಹರಿದು ಹಾಕಬಹುದು, ಆದರೆ ನಿನ್ನಿಂದ ಅದು ಆಗುವುದಿಲ್ಲ ಅಂತ ನನಗೆ ಗೊತ್ತು. ಮಂಡಕ್ಕಿ ಕಟ್ಟಿಕೊಟ್ಟ ಪೇಪರಿನ ಚೂರನ್ನೂ ಬಿಡಿಸಿ ಓದಿ, ಆಮೇಲೆ ಬಿಸಾಡುವವಳು ನೀನು. ಇಂಗ್ಲಿಷ್ ಮೀಡಿಯಂನವಳ ಕನ್ನಡ ಅಂತ ನಗಬೇಡ. ಒತ್ತಕ್ಷರ ಕಲಿಸಿದ್ದು ನೀನೇ, ತಪ್ಪಿದ್ದರೆ ಅರ್ಧ ನಿನ್ನದು.

ಮೊದಲು ಮುಖ್ಯ ವಿಷಯ. ಭಾನುವಾರ ಅಪ್ಪನ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರೂ ನಾನು ಹತ್ತುವುದಿಲ್ಲ. ಮುಂದಿನ ವಾರ ಗುರುವಾರ ಆಷಾಢ ಹುಟ್ಟುತ್ತದೆ, ಹೊಸದಾಗಿ ಮದುವೆಯಾದವಳು ತವರಿನಲ್ಲಿರಬೇಕು, ತಿಂಗಳಿಡೀ ಗಂಡನ ಮುಖ ನೋಡಬಾರದು, ಎಲ್ಲ ಗೊತ್ತು. ನಾನು ಬರುವುದಿಲ್ಲ. ಗೋಪಿಯ ಜೊತೆ ರಾಜಸ್ಥಾನದ ಒಸಿಯಾನ್ ಎಂಬ ಊರಿಗೆ ಹೋಗುತ್ತೇನೆ. ಅದೂ ಆಷಾಢದಲ್ಲೇ!

ನೋಡು, ಈಗಲೇ ನಿನ್ನ ಹುಬ್ಬು ಗಂಟಾಯಿತು. ಗಂಡನ ಹೆಸರನ್ನು ಹೀಗೆ ಬರೆಯುವುದಾ ಅಂತ ತಾನೇ? ‘ಇವರು’ ಅಂತ ಬರೆದು ನೋಡಿದೆ ಅವ್ವ. ಹಿಂದೆ ನಿಂತು ಓದುತ್ತಿದ್ದ ಗೋಪಿಗೇ ನಗು ಬಂತು. ಹಾಗಾಗಿ ಗೋಪಿ ಅಂತಲೇ ಇರುತ್ತದೆ, ಇದೊಂದು ಕಾಗದದಲ್ಲಿ ನೀನು ಸಹಿಸಿಕೋ.

ಅಂಥ ಊರಿನ ಆಸೆ ಇವತ್ತಿನದಲ್ಲ. ಸ್ಕೂಲಿನಲ್ಲಿ ಜಿಯಾಗ್ರಫಿ ಪುಸ್ತಕದ ಒಂದು ಪುಟದಲ್ಲಿ ಓಯಸಿಸ್ ಚಿತ್ರ ಇತ್ತು. ಸುತ್ತ ಮರಳು, ನಡುವೆ ಇಷ್ಟೇ ಇಷ್ಟು ನೀರು, ಪಕ್ಕದಲ್ಲಿ ಖರ್ಜೂರದ ಮರ. ಮಿಸ್ ಓದಿಸಿ ಮುಂದೆ ಹೋದರು, ನಾನು ಆ ಪುಟದಲ್ಲೇ ಉಳಿದೆ. ಮನೆಗೆ ಬಂದು ನಿನಗೆ ತೋರಿಸಿದಾಗ, ಮರಳಿನ ಮಧ್ಯೆ ನೀರು ಯಾಕೆ ಇಂಗುವುದಿಲ್ಲ ಅಂತ ನೀನು ಕೇಳಿದ್ದೆ. ಚಳ್ಳಕೆರೆಯಲ್ಲಿ ಹುಟ್ಟಿದವರು ಮಾತ್ರ ಕೇಳುವ ಪ್ರಶ್ನೆ ಅದು.

ಗೋಪಿಯ ಮನೆಯವರು ಹೆಣ್ಣು ನೋಡಲು ಬಂದ ದಿನ ನಮ್ಮಿಬ್ಬರನ್ನು ಟೆರೇಸಿಗೆ ಕಳಿಸಿದ್ದಿರಲ್ಲ, ಅಲ್ಲಿ ಗೋಪಿ ಕೇಳಿದ ಮೊದಲ ಪ್ರಶ್ನೆ, ನಿಮಗೆ ಎಲ್ಲಿಗೆ ಹೋಗಬೇಕು ಅಂತ ಆಸೆ ಐತೆ ಅಂತ. ಅದಕ್ಕೂ ಮೊದಲು ಬಂದಿದ್ದ ಹುಡುಗರಿಗೆ ಬೇಕಿದ್ದದ್ದು ಅಡುಗೆ ಬರುತ್ತದಾ ಅನ್ನುವುದೊಂದೇ. ನಾನು ಓಯಸಿಸ್ ಅಂದೆ. ಅವನು ಸ್ವಲ್ಪ ಯೋಚಿಸಿ, “ನಮ್ಮ ಕಡೆ ಅರ್ಧ ಐತೆ ರೀ. ಮರಳೈತೆ, ನೀರೊಂದಿಲ್ಲ” ಅಂದ. ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ನೀನು ಕೆಳಗಿನಿಂದ ಕೆಮ್ಮಿದೆ. ಅವ್ವ, ನಾನು ಒಪ್ಪಿದ್ದು ಆ ಕ್ಷಣಕ್ಕೆ. ಹುಡುಗ ಒಳ್ಳೆಯವನು, ನಮ್ಮವರೇ, ಸ್ವಂತ ಮಗ್ಗ ಇದೆ ಅಂತೆಲ್ಲ ನೀವು ಹೇಳಿದ್ದು ನನ್ನ ಕಿವಿಗೇ ಬಿದ್ದಿರಲಿಲ್ಲ.

ಈಗ ಪ್ಲಾನ್ ಕೇಳು, ಪ್ಲೀಸ್ ಪ್ಲೀಸ್. ರೈಲಿನಲ್ಲಿ ಜೋಧ್‌ಪುರ, ಅಲ್ಲಿಂದ ಬಸ್ಸಿನಲ್ಲಿ ಒಸಿಯಾನ್. ಹಿಂದೆ ಒಂಟೆಗಳ ಮೇಲೆ ಸರಕು ಹೇರಿಕೊಂಡು ಮರಳುಗಾಡು ದಾಟುತ್ತಿದ್ದವರು ನೀರಿಗಾಗಿ ಇಳಿದುಕೊಳ್ಳುತ್ತಿದ್ದ ಓಯಸಿಸ್ ಊರಂತೆ. ಹಳೆಯ ದೇವಸ್ಥಾನಗಳಿವೆ, ಮೆಟ್ಟಿಲು ಇಳಿದು ಹೋಗುವ ಬಾವಿ ಇದೆ, ಊರು ಮುಗಿದ ಕೂಡಲೇ ಮರಳಿನ ದಿಬ್ಬ. ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳುತ್ತೇವೆ. ಬೆಳಗ್ಗೆ ಸುತ್ತುವುದು, ಬಿಸಿಲೇರಿದ ಮೇಲೆ ಒಳಗೆ ಮಲಗುವುದು, ಸಂಜೆ ದಿಬ್ಬ ಹತ್ತುವುದು. ಅಲ್ಲಿನ ಗೆಸ್ಟ್ ಹೌಸ್ ಯಜಮಾನರಿಗೆ ಗೋಪಿ ಫೋನ್ ಮಾಡಿದ. ಮಾರ್ಕೆಟ್ಟಿನಲ್ಲಿ ಕಲಿತ ಉರ್ದು, ಅದಕ್ಕೆ ಒಂದಿಷ್ಟು ತೆಲುಗು ಸೇರಿಸಿ ಮಾತಾಡಿದ. ಈ ತಿಂಗಳಲ್ಲಿ ನಮ್ಮೂರಿಗೆ ನೊಣವೂ ಬರುವುದಿಲ್ಲ, ನೀವು ಖಂಡಿತ ಬರುತ್ತೀರಾ ಅಂತ ಅವರು ಮತ್ತೆ ಮತ್ತೆ ಕೇಳಿದರಂತೆ. ಇಡೀ ಗೆಸ್ಟ್ ಹೌಸ್ ನಮಗೇ!

ನೀನು ಫೋನಿನಲ್ಲಿ ಕೂಗಿದ್ದು ನೆನಪಿದೆ. “ಬಿಸ್ಲು ನೋಡಾಕೆ ರೈಲು ಹತ್ತಿ ಹೋಗ್ಬೇಕೇನೇ? ನಮ್ಮನೆ ಹಿತ್ತಲಾಗೆ ಬೇಕಾದಷ್ಟೈತೆ, ಬಂದು ಕೂತ್ಕೊ!” ಆಮೇಲೆ ಸ್ವಲ್ಪ ಮೆತ್ತಗಾಗಿ, ಶ್ರಾವಣ ಕಳೆದ ಮೇಲೆ ಹೋಗಿ ಅಂದೆ. ಇಲ್ಲಿಯೇ ನನಗೆ ಸಿಟ್ಟು ಬಂದಿದ್ದು. ಅಪ್ಪ ಮಗ್ಗ ಬಿಟ್ಟು ಬಟ್ಟೆ ಅಂಗಡಿ ಇಟ್ಟು ಎಷ್ಟು ವರ್ಷವಾದರೂ ನೀನು ಮಗ್ಗದ ಮನೆಯಲ್ಲಿ ಹುಟ್ಟಿದವಳು. ನಿನಗೆ ಗೊತ್ತಿಲ್ಲವೇ? ಶ್ರಾವಣ ಬಂದರೆ ವರಮಹಾಲಕ್ಷ್ಮಿ, ಗೌರಿ, ದಸರೆ, ದೀಪಾವಳಿ, ಅದರ ಹಿಂದೆಯೇ ಮದುವೆಗಳು. ಗೋಪಿ ಮಗ್ಗದ ಗುಂಡಿಯಲ್ಲಿ ಕಾಲಿಟ್ಟರೆ ಊಟಕ್ಕೆ ಮಾತ್ರ ಏಳುವುದು. ಆಷಾಢದಲ್ಲಿ ಮದುವೆ ಇಲ್ಲ, ರೇಷ್ಮೆ ಸೀರೆ ಕೇಳುವವರಿಲ್ಲ, ಸಾವ್ಕಾರರು ನೂಲು ಕೊಡುವುದಿಲ್ಲ. ವರ್ಷದಲ್ಲಿ ಮಗ್ಗ ಮಲಗುವುದು ಅದೊಂದೇ ತಿಂಗಳು. ನೇಯುವವನಿಗೆ ಬಿಡುವು ಸಿಗುವ ಒಂದೇ ತಿಂಗಳನ್ನು ಹುಡುಕಿ, ಅದರಲ್ಲೇ ಅವನ ಹೆಂಡತಿಯನ್ನು ತವರಿಗೆ ಅಟ್ಟಬೇಕು ಅಂತ ಮಾಡಿದವರು ಯಾರು? ಖಂಡಿತ ನೇಕಾರನ ಹೆಂಡತಿಯಲ್ಲ.

ಆಷಾಢದಲ್ಲಿ ಗರ್ಭ ನಿಂತರೆ ಚೈತ್ರದ ಬಿಸಿಲಿಗೆ ಹೆರಿಗೆಯಾಗುತ್ತದೆ ಅನ್ನುವ ನಿನ್ನ ಭಯಕ್ಕೂ ನನ್ನ ಹತ್ತಿರ ಉತ್ತರ ಇದೆ. ಅದನ್ನು ಅವ್ವನಿಗೆ ಬರೆಯಲು ನಾಚಿಕೆಯಾಗುತ್ತದೆ. ನಾವಿಬ್ಬರೂ ದಡ್ಡರಲ್ಲ ಅಂತ ತಿಳಿದುಕೊಂಡರೆ ಸಾಕು.

ಇಲ್ಲಿ ಎಲ್ಲರೂ ಹೂಂ ಅಂದರು ಅಂತ ತಿಳಿಯಬೇಡ. ಮೊನ್ನೆ ಗೋಪಿಯ ದೊಡ್ಡಪ್ಪ ಕ್ಯಾತಪ್ಪನವರು ಬಂದಿದ್ದರು. ಮಾವ ತೀರಿಕೊಂಡ ಮೇಲೆ ಈ ಮನೆಗೆ ಅವರೇ ಹಿರಿಯರು. ಗೋಪಿ ನೇಯುತ್ತಿದ್ದ, ಅಂಚಿನ ಲಾಳಿ ಕೊಡಲು ಅತ್ತೆ ಪಕ್ಕದಲ್ಲಿ ಕೂತಿದ್ದರು. ನಮ್ಮ ಸೀರೆಗೆ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣವಲ್ಲವಾ, ಒಬ್ಬರಿಂದ ಆಗುವುದಿಲ್ಲ. ಮಾವ ಇದ್ದಾಗ ಅವರ ಪಕ್ಕ, ಈಗ ಮಗನ ಪಕ್ಕ, ಮದುವೆಯಾದಾಗಿನಿಂದ ಅತ್ತೆಯ ಜಾಗ ಅದೇ. ನಾನು ಬಾಗಿಲ ಹತ್ತಿರ ಕೂತು ಬಟ್ಟೆ ಮಡಚುತ್ತಿದ್ದೆ.

“ಏನ್ಲೇ ಗೋಪಿ, ಆಷಾಢದಾಗೆ ಹೆಂಡ್ತಿ ಕರ್ಕೊಂಡು ಒಂಟೆ ಹತ್ತಾಕೆ ಹೊಂಟೀಯಂತೆ?” ಅಂದರು.

“ಹೌದು ದೊಡ್ಡಪ್ಪ” ಅಂದ ಗೋಪಿ. ತಲೆ ಎತ್ತಲಿಲ್ಲ.

“ಅತ್ತೆ ಸೊಸೆ ಒಂದೇ ಹೊಸ್ತಿಲು ತುಳೀಬಾರ್ದು. ಇದು ನಾನು ಮಾಡಿದ್ದಲ್ಲ, ಹಿರಿಯರದ್ದು.”

ನಾನು ಸುಮ್ಮನಿರಬೇಕಿತ್ತು. ನಿನ್ನ ಮಗಳು ಸುಮ್ಮನಿರುತ್ತಾಳಾ? “ದೊಡ್ಡಪ್ಪ, ನಾನು ಮರಳುಗಾಡಲ್ಲಿ ಇರ್ತೀನಿ, ಅತ್ತೆ ಮೊಳಕಾಲ್ಮೂರಲ್ಲಿ ಇರ್ತಾರೆ. ಒಂದೇ ಹೊಸ್ತಿಲು ಎಲ್ಲಿಂದ ಬಂತು?” ಅಂದೆ.

ಅವರು ನನ್ನ ಕಡೆ ತಿರುಗಿಯೂ ನೋಡದೆ ಗೋಪಿಗೇ ಹೇಳಿದರು. “ಇಂಗ್ಲಿಷ್ ಸಾಲೆ ಹುಡ್ಗಿ, ಲಾಯರ್ ಆಗಬೇಕಿತ್ತು. ವಾರ, ಹತ್ತು ದಿನಕ್ಕೆ ವಾಪಸ್ ಬರ್ತೀರಿ. ಮಿಕ್ಕಿದ್ದು? ಆವಾಗ ಇವಳನ್ನ ಎಲ್ಲಿ ಇಡ್ತೀಯ, ಮಗ್ಗದ ಗುಂಡ್ಯಾಗಾ?”

ನಿನ್ನ ತಲೆಯಲ್ಲೂ ಇದೇ ಪ್ರಶ್ನೆ ಎದ್ದಿರುತ್ತದೆ. ಉತ್ತರ ಸಿಕ್ಕಿದೆ, ಆದರೆ ಅದು ನನ್ನದಲ್ಲ. ಅದಕ್ಕೇ ಈಗಲೇ ಹೇಳುವುದಿಲ್ಲ.

ದೊಡ್ಡಪ್ಪ ಬರುವ ಹಿಂದಿನ ದಿನ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ ಅತ್ತೆಯನ್ನು ಕೇಳಿದೆ, ನಿಮ್ಮ ಮೊದಲನೇ ಆಷಾಢ ಹೇಗಿತ್ತು ಅಂತ. ಸುಮ್ಮನೆ ಕೇಳಿದ್ದು. ತವರಲ್ಲಿ ಮಜಾ ಮಾಡಿರುತ್ತಾರೆ, ಆ ಕಥೆ ಹೇಳುತ್ತಾರೆ ಅಂದುಕೊಂಡಿದ್ದೆ.

“ನನಗೆ ತವರು ಎಲ್ಲಿತ್ತು ಅಮ್ಮಾಯಿ?” ಅಂದರು. ಹೆತ್ತವರು ಚಿಕ್ಕಂದಿನಲ್ಲೇ ಹೋಗಿದ್ದರಂತೆ. ಸಾಕಿದ ದೊಡ್ಡಮ್ಮ ಮದುವೆ ಮಾಡಿ, ಇನ್ನು ನನ್ನ ಜವಾಬ್ದಾರಿ ಮುಗಿಯಿತು ಅಂದುಬಿಟ್ಟರಂತೆ. ಆಷಾಢ ಬಂತು. ಸೊಸೆ ಮನೆಯಲ್ಲಿರಬಾರದು, ಹೋಗಲು ಮನೆಯಿಲ್ಲ. ಕೊನೆಗೆ ಪಕ್ಕದ ಬೀದಿಯ ಕ್ಯಾತಪ್ಪನವರ ಮನೆಯಲ್ಲೇ ಬಿಟ್ಟರಂತೆ. ತಿಂಗಳಿಡೀ ಅಲ್ಲಿ ಕೂತು ಲಾಳಿಗೆ ಹಾಕುವ ಕಂಡಿಕೆ ಸುತ್ತಿದರಂತೆ. ಸಾವ್ಕಾರರು ನೂಲು ಕೊಡದಿದ್ದರೂ ಆ ಮನೆಯಲ್ಲಿ ಹಳೇ ನೂಲು ಇದ್ದೇ ಇತ್ತಂತೆ. ಮಾವ ಆ ಬೀದಿಯಲ್ಲಿ ಹೋಗುವಾಗ ತಲೆ ಎತ್ತುತ್ತಿರಲಿಲ್ಲವಂತೆ. “ಬ್ಯಾರೆ ಹುಡ್ಗೀರು ತವರಿಂದ ಹೊಸ ಬಳೆ ಹಾಕ್ಕೊಂಡು, ದಪ್ಪ ಆಗಿ ಬಂದ್ರು. ನಾನು ಬೆರಳು ಕುಯ್ಕೊಂಡು ಬಂದೆ” ಅಂತ ಹೇಳಿ ನಕ್ಕರು. ನಾನು ನಗಲಿಲ್ಲ ಅವ್ವ. ಬೂದಿ ಮೆತ್ತಿದ ಕೈಯಲ್ಲೇ ಅವರನ್ನು ತಬ್ಬಿಕೊಂಡೆ. ಅವರ ಸೀರೆಗೆಲ್ಲ ಬೂದಿ ಮೆತ್ತಿತು, ಅದಕ್ಕೆ ಬೈಸಿಕೊಂಡೆ.

ಇನ್ನು ನಿನ್ನ ಕೊನೆಯ ಮಾತಿಗೆ ಬರುತ್ತೇನೆ. ಬರೆಯದೆ ಬಿಡೋಣ ಅಂದುಕೊಂಡಿದ್ದೆ, ಆಗುತ್ತಿಲ್ಲ. “ಅವನ ಜೊತೆ ರೈಲು ಹತ್ತಿದ್ರೆ ನನ್ನ ಬಾಗಿಲಿಗೆ ಬರಬ್ಯಾಡ” ಅಂದು ಫೋನ್ ಇಟ್ಟೆ. ನಾನು ಅತ್ತುಬಿಟ್ಟೆ ಅವ್ವ, ಸ್ವಲ್ಪ ಅಲ್ಲ, ಚೆನ್ನಾಗಿಯೇ. ಗೋಪಿ ಹೆದರಿ, “ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ, ನೀನು ಅವ್ವನ ಹತ್ರ ಹೋಗು” ಅಂದ. ಆಗ ನಿನಗಿಂತ ಅವನ ಮೇಲೆ ಜಾಸ್ತಿ ಕೋಪ ಬಂತು. ಕ್ಯಾನ್ಸಲ್ ಮಾಡಿದರೆ ಒಸಿಯಾನ್‌ಗೆ ಒಬ್ಬಳೇ ಹೋಗುತ್ತೇನೆ ಅಂದೆ. ಟಿಕೆಟ್ ಹಾಗೇ ಇದೆ.

ನಾನು ಹೋಗುತ್ತೇನೆ. ವಾಪಸ್ ಬಂದ ಮೇಲೆ ನಿನ್ನ ಬಾಗಿಲಿಗೂ ಬರುತ್ತೇನೆ. ನೀನು ಚಿಲಕ ಹಾಕಿಕೊಂಡರೆ ಜಗಲಿಯ ಮೇಲೆ ಕೂತು, ಒಂಟೆ ಹತ್ತಿದ ಕಥೆಯನ್ನು ಇಡೀ ಬೀದಿಗೆ ಕೇಳುವ ಹಾಗೆ ಜೋರಾಗಿ ಹೇಳುತ್ತೇನೆ. ಕಥೆ ಕೇಳದೆ ಒಳಗೆ ಇರಲು ನಿನ್ನಿಂದ ಆಗುತ್ತದಾ, ನೋಡೋಣ.

ಈ ಕಾಗದ ಗೋಪಿಯ ಕೈಯಲ್ಲಿ ಬರುತ್ತಿದೆ. ಶುಕ್ರವಾರ ಮುಗಿದ ಸೀರೆ ಕೊಡಲು ಚಳ್ಳಕೆರೆಗೆ ಬರುತ್ತಾನೆ. ನಿನ್ನ ಎದುರು ನಿಲ್ಲಲು ಅವನಿಗೆ ಹೆದರಿಕೆ, ಆದರೂ ನಾನೇ ಕೊಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಬೈಯುವುದಿದ್ದರೆ ನನ್ನನ್ನು ಬೈ. ಅವನಿಗೆ ಉಪ್ಪಿಟ್ಟು ಮಾಡಿಕೊಡು, ಜೊತೆಗೆ ಖಾರ ಮೆಣಸಿನಕಾಯಿ ಇರಲಿ.

ನಿನಗೆ ಎದುರಾಡಿದರೂ ನಿನ್ನ ಮಡಿಲು ಬಿಡದ,
ನಿನ್ನ ರಶ್ಮಿ

ತಾ.ಕ.: ಭಾನುವಾರ ಬರಬೇಡ ಅಂತ ಮೇಲೆಲ್ಲೂ ಬರೆದಿಲ್ಲ, ನಾನು ಹತ್ತುವುದಿಲ್ಲ ಅಂತ ಮಾತ್ರ ಬರೆದಿದ್ದೇನೆ. ಕಾರು ತಗೊಂಡು ತಪ್ಪದೆ ಬಾ. ದೊಡ್ಡಪ್ಪ ಆ ಪ್ರಶ್ನೆ ಕೇಳಿದಾಗ ಅತ್ತೆ ಲಾಳಿ ಕೆಳಗಿಟ್ಟು ಹೇಳಿದ ಮಾತನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. “ಭಾವಾ, ಇಬ್ಬರಾಗೆ ಒಬ್ರು ಹೊಸ್ತಿಲು ದಾಟಿದ್ರೆ ಆತಲ್ಲ? ಸೊಸೇನೇ ಹೋಗ್ಬೇಕು ಅಂತ ಯಾರೂ ಹೇಳಿಲ್ಲ. ನಾನು ಹೋಗ್ತೀನಿ. ಆವಾಗ ನನಗೆ ತವರಿರಲಿಲ್ಲ. ಈಗ ಚಳ್ಳಕೆರ್ಯಾಗೆ ಐತೆ.” ದೊಡ್ಡಪ್ಪ ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ಹೌದು ಅವ್ವ, ಆಷಾಢ ಕಳೆಯುವವರೆಗೆ ನಿನ್ನ ಮನೆಗೆ ಬರುತ್ತಿರುವವರು ನಿನ್ನ ಬೀಗಿತ್ತಿ ಮಂಜಮ್ಮ. ಬ್ಯಾಗು ತುಂಬಿ ಆಗಿದೆ, ದಿನಕ್ಕೆರಡು ಸಲ ಬಿಚ್ಚಿ ಮತ್ತೆ ತುಂಬುತ್ತಿದ್ದಾರೆ. ನನ್ನ ರೂಮು ಅವರಿಗೆ ಕೊಡು. ಎಣ್ಣೆ ಹಚ್ಚಿ ತಲೆಗೆ ನೀರು ಹಾಕು, ಬೆಳಗ್ಗೆ ತಡವಾಗಿ ಎದ್ದರೆ ಎಬ್ಬಿಸಬೇಡ, ಕೆಲಸ ಮುಟ್ಟಲು ಬಿಡಬೇಡ. ತಿಂಗಳು ತುಂಬಿದ ದಿನ ಮಡಿಲಕ್ಕಿ ಕಟ್ಟಿಯೇ ಕಳಿಸಬೇಕು. ಗಂಡನಿಲ್ಲದವಳಿಗೆ ಮಡಿಲು ತುಂಬುತ್ತಾರಾ ಅಂತ ಬೀದಿಯವರು ಕೇಳಿದರೆ, ಇವಳು ನನ್ನ ಮನೆ ಮಗಳು, ನಿಮ್ಮ ಮನೆ ಮಗಳಿಗೆ ನೀವು ಹೇಗೆ ಮಾಡುತ್ತೀರೋ ಮಾಡಿಕೊಳ್ಳಿ ಅನ್ನು.