ಹನ್ನೊಂದು ರಂಧ್ರಗಳ ತಳ

ಕರಗಂಡಾ
14 ನವೆಂಬರ್ 2019

ಭೂವಿಜ್ಞಾನ ಸಂಸ್ಥೆಯ ಮಾನ್ಯ ನಿರ್ದೇಶಕರೂ, ಒಂದಾನೊಂದು ಕಾಲದಲ್ಲಿ ನನ್ನ ಗಂಡನೂ ಆಗಿದ್ದ ಮಾರ್ಲೆನ್‌ಗೆ,

ನಾನು ಕ್ಷೇಮ. ನಿನ್ನ ಕ್ಷೇಮ ಕೇಳುವುದಿಲ್ಲ. ಪತ್ರಿಕೆಯಲ್ಲಿ ನಿನ್ನ ಕೆನ್ನೆ ನೋಡಿದೆ, ಎರಡೂ ಕ್ಷೇಮವಾಗಿವೆ.

ವಿಭಾಗದ ಮುಖ್ಯಸ್ಥೆಯ ಪೀಠ ನನಗೆ ಸಿಗಬೇಕಾದರೆ ತಾಮ್ರದ ನಿಕ್ಷೇಪದ ನಿನ್ನ ಹೊಸ ನಕ್ಷೆಗೆ ನಾನು ಸಹಿ ಹಾಕಬೇಕಂತೆ. ಇಪ್ಪತ್ತೆಂಟು ವರ್ಷ ಗಣಿಯ ಗಣಿತ ಕಲಿಸಿದವಳಿಗೆ ಈ ಮರ್ಯಾದೆ! ನನಗೆ ಅಂಕಿ ಅಂಕೆಯಲ್ಲಿದೆ, ನಾಲಿಗೆ ಇಲ್ಲ ಅಂತ ನೀನೇ ಹೇಳುತ್ತಿದ್ದೆ. ಈಗಲೂ ಇಲ್ಲ, ಓದು.

ನಿನ್ನೆ ಸಭೆಯಲ್ಲಿ ನಿನ್ನ ಶಿಷ್ಯ ತೊಲೆಗೆನ್ ನಕ್ಷೆ ತೋರಿಸಿದ. ನಾವು ವಿದ್ಯಾರ್ಥಿಗಳಾಗಿದ್ದಾಗ ಬಾಲ್ಖಾಶ್ ಸರೋವರದ ಬಳಿ ಕೊರೆಸಿದ ಹನ್ನೊಂದು ರಂಧ್ರಗಳ ತಳದಲ್ಲಿ ತಾಮ್ರವೋ ತಾಮ್ರ! ನಾನು ಎದ್ದು ನಿಂತೆ. ಆಗೆಲ್ಲ ಕೊರೆದಾಗ ಮೇಲೆ ಬಂದ ಕಲ್ಲು ತಾಮ್ರದ ಸುಳಿವಿಲ್ಲದೆ ಬೋಳಾಗಿ ಕಂಡರೆ ನಾವು ಪ್ರಯೋಗಾಲಯಕ್ಕೆ ಕಳಿಸುತ್ತಿರಲಿಲ್ಲ, ದಾಖಲೆ ಪುಸ್ತಕದಲ್ಲಿ ಜಾಗ ಖಾಲಿ ಬಿಡುತ್ತಿದ್ದೆವು. ಖಾಲಿ ಎಂದರೆ ತಾಮ್ರ ಇಲ್ಲ ಎಂದು. ನಿಮ್ಮ ಕಂಪ್ಯೂಟರ್ ಅದನ್ನು 'ಗೊತ್ತಿಲ್ಲ' ಎಂದು ಓದಿಕೊಂಡು, ಅಕ್ಕಪಕ್ಕದ ರಂಧ್ರಗಳ ಲೆಕ್ಕದಲ್ಲಿ ಅಲ್ಲೂ ತಾಮ್ರ ತುಂಬಿಬಿಟ್ಟಿದೆ ಎಂದೆ.

ತೊಲೆಗೆನ್ 'ಅಪಾಯ್' ಎಂದು ದೊಡ್ಡಕ್ಕನ ಗೌರವ ಕೊಟ್ಟೇ ಶುರುಮಾಡಿದ. "ಅಪಾಯ್, ನಿಮ್ ಕಾಲದಲ್ಲಿ ಕಣ್ಣೇ ಪ್ರಯೋಗಾಲಯ. ಈಗ ಕನ್ನಡಕ ಬಂದಿದೆಯಲ್ಲ!" ಎಲ್ಲರೂ ನಕ್ಕರು. "ಕನ್ನಡಕ ಇರೋದನ್ನ ಓದೋಕಪ್ಪಾ, ಇಲ್ಲದ್ದನ್ನ ಕಾಣೋಕಲ್ಲ" ಅಂದೆ. ಆಗ ಯಾರೂ ನಗಲಿಲ್ಲ.

ಡೀನ್ ಗಲಿನಾ ಪೆತ್ರೋವ್ನಾ ಮಾತ್ರ ನೆಟ್ಟಗೆ ಕೇಳಿದಳು: "ಮೆರುಯೆರ್ತ್ ಸಾಪಾರೊವ್ನಾ, ಆ ಕಲ್ಲನ್ನ ನೀವು ಕಣ್ಣಾರೆ ನೋಡಿದ್ರಾ? ಹನ್ನೊಂದನ್ನೂ?"

"ಹನ್ನೊಂದನ್ನೂ" ಎಂದೆ.

ಸಂಜೆಯ ಔತಣದಲ್ಲಿ, ಹಿರಿಯರಿಗೆ ಸಲ್ಲಬೇಕಾದ ಕುರಿಯ ತಲೆಯನ್ನು, ನಾನು ಪಕ್ಕದಲ್ಲೇ ಕೂತಿರುವಾಗ, ತೊಲೆಗೆನ್ ಮುಂದೆ ಇಟ್ಟರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು! ಅವನೋ, ಕಿವಿ ಕೊಯ್ದು ನನ್ನ ತಟ್ಟೆಗೆ ಹಾಕಿದ. ದೊಡ್ಡವರ ಮಾತು ಕೇಳಲಿ ಎಂದು ಮಕ್ಕಳಿಗೆ ಕೊಡುವ ಕಿವಿ, ಮಾರ್ಲೆನ್! ತಿಂದೆ. ರುಚಿಯಾಗಿತ್ತು. ಮಾತು ಮಾತ್ರ ಕೇಳಲಿಲ್ಲ.

ನಿನ್ನ ಮೊದಲ ಪ್ರಬಂಧದ ಲೆಕ್ಕ ನಾನು ಮಾಡಿದ್ದು, ಹೆಸರು ನಿನ್ನದು ಬಂತು. ಆಗ ಹೆಂಡತಿ ಅಂತ ಸುಮ್ಮನಿದ್ದೆ. ಈಗ ಆ ಕಾರಣವೂ ಉಳಿದಿಲ್ಲ. ನಕ್ಷೆ ಹಿಂದಕ್ಕೆ ತೆಗೆದುಕೋ. ಸರೋವರದ ಬಳಿಯ ಆ ಡೇರೆಯಲ್ಲಿ ನೀನೂ ಇದ್ದೆ. ಖಾಲಿ ಜಾಗದ ಅರ್ಥ ನಿನಗೆ ನನ್ನಷ್ಟೇ ಗೊತ್ತು. ಗೊತ್ತಿದ್ದೂ ಹುಡುಗನನ್ನು ಮುಂದೆ ಬಿಟ್ಟು ಕೂತಿದ್ದೀಯಲ್ಲ, ನನಗೆ ಉರಿಯುವುದು ಅದಕ್ಕೇ.

ಈ ಕಾಗದ ಬಿಟ್ಟು ಬೇರೆ ಯಾವುದಕ್ಕೂ ಸಹಿ ಹಾಕದ,
ಮೆರುಯೆರ್ತ್

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಹತ್ತು ರಂಧ್ರಗಳ ಕಲ್ಲನ್ನು ನಿಜಕ್ಕೂ ನೋಡಿದ್ದೆ. ಹನ್ನೊಂದನೆಯದರ ಕಲ್ಲಿಟ್ಟ ಪೆಟ್ಟಿಗೆ ನಾನು ತೆರೆಯಲೇ ಇಲ್ಲ. ಆ ಮಧ್ಯಾಹ್ನ ನಾವಿಬ್ಬರೂ ಸರೋವರದಲ್ಲಿ ಈಜುತ್ತಿದ್ದೆವು. ಸಂಜೆ ಬಂದು ಜಾಗ ಖಾಲಿ ಬಿಟ್ಟೆ. ಆ ಒಂದು ಖಾಲಿಗೆ ಮಾತ್ರ ನಿಜಕ್ಕೂ 'ಗೊತ್ತಿಲ್ಲ' ಎಂದೇ ಅರ್ಥ. ಸಭೆಯಲ್ಲಿ ನಾನು ಹೇಳಿದ್ದು ಸುಳ್ಳು ಎಂದು ಇಂದು ಬೆಳಗ್ಗೆ ಡೀನ್‌ಗೆ ಬರೆದುಕೊಟ್ಟೆ. ಪೀಠ ಇನ್ನು ಬರಲಾರದು. ಯಾರ ಜೊತೆಗಿದ್ದೆ ಎಂದು ಮಾತ್ರ ಬರೆದಿಲ್ಲ. ಅದನ್ನು ನೀನು ಹೇಳುತ್ತೀಯೋ ಇಲ್ಲವೋ ನೋಡೋಣ.